ಗಾಳಿ ಕೆಟ್ಟರೆ ಉಸಿರೇ ಹೇಳುತ್ತದೆಯೇ? ತನ್ನ ಮೈಮೇಲೇ ವಿಷಗಾಳಿ ಪರೀಕ್ಷಿಸಿಕೊಂಡ ಹಾಲ್ಡೇನ್ ಕಥೆ

2020ರಲ್ಲಿ ಈ ಮೆಸೇಜ್ ನಿಮ್ಮ ಫೋನಿಗೂ ಬಂದಿರಬಹುದು. ಬೆಳಗ್ಗೆ ಎದ್ದ ಕೂಡಲೇ ಹತ್ತು ಸೆಕೆಂಡ್ ಉಸಿರು ಬಿಗಿಹಿಡಿಯಿರಿ, ಕೆಮ್ಮು ಬರದಿದ್ದರೆ ಕೊರೊನಾ ಇಲ್ಲ ಎಂದು ಅದು ಹೇಳುತ್ತಿತ್ತು. ಅದು ಸುಳ್ಳು ಎಂದು ವೈದ್ಯರು ಆಗಲೇ ಸಾರಿ ಸಾರಿ ಹೇಳಿದರು. ಆದರೂ ಅದು ಅಷ್ಟು ವೇಗವಾಗಿ ಹರಡಿದ್ದಕ್ಕೆ ಒಂದು ಕಾರಣವಿದೆ. ಗಾಳಿಯಲ್ಲೋ ಶ್ವಾಸಕೋಶದಲ್ಲೋ ಏನಾದರೂ ಎಡವಟ್ಟಾದರೆ ನಮ್ಮ ಉಸಿರೇ ಅದನ್ನು ಹೇಳಿಬಿಡುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಇದನ್ನು ಯಾರೂ ನಮಗೆ ಫಾರ್ವರ್ಡ್ ಮಾಡಬೇಕಾಗಿಲ್ಲ, ತಲೆಯೊಳಗೆ ಮೊದಲೇ ಕೂತಿದೆ.

ಹಾಳು ಬಾವಿಯ ಹೂಳೆತ್ತಲು ಇಳಿಯುವವರು ಇದೇ ಧೈರ್ಯದಲ್ಲಿ ಇಳಿಯುತ್ತಾರೆ. ಉಸಿರು ಕಟ್ಟಿದಂತಾದರೆ ಹಗ್ಗ ಜಗ್ಗಿದರಾಯಿತು ಎಂದುಕೊಂಡಿರುತ್ತಾರೆ. ಮ್ಯಾನ್‌ಹೋಲ್‌ನಲ್ಲೂ ಹೀಗೆಯೇ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನ ಮಾಡುವಾಗಲೂ ಹೀಗೆಯೇ. ಹಗ್ಗ ಜಗ್ಗುವ ಹೊತ್ತು ಬರುವುದೇ ಇಲ್ಲ.

ಈ ನಂಬಿಕೆ ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆ ಪ್ರಾಣಕ್ಕೇ ಕುತ್ತು ಎನ್ನುವುದನ್ನು ಅಳತೆ ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್. ಅವರು ಬಳಸಿದ ಮುಖ್ಯ ಉಪಕರಣ ಅವರದೇ ದೇಹ.

ರಾತ್ರಿ ಬಾಗಿಲು ತಟ್ಟಿದ ಡಾಕ್ಟರ್

ಹಾಲ್ಡೇನ್ ಹುಟ್ಟಿದ್ದು 1860ರಲ್ಲಿ, ಎಡಿನ್‌ಬರೋದ ಒಂದು ಅನುಕೂಲಸ್ಥ ಮನೆತನದಲ್ಲಿ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯಾದವರು. ಜಾನ್ 1884ರಲ್ಲಿ ಡಾಕ್ಟರಿಕೆ ಮುಗಿಸಿದರು, ಆದರೆ ರೋಗಿಗಳನ್ನು ನೋಡುತ್ತಾ ಕೂರಲಿಲ್ಲ. ಡಂಡಿ ಎಂಬ ಊರಿನ ಕಾಲೇಜು ಸೇರಿ, ರಸಾಯನಶಾಸ್ತ್ರದ ಪ್ರೊಫೆಸರ್ ಥಾಮಸ್ ಕಾರ್ನೆಲಿ ಜೊತೆ ಗಾಳಿಯ ಹಿಂದೆ ಬಿದ್ದರು.

ಡಂಡಿ ಸೆಣಬಿನ ಗಿರಣಿಗಳ ಊರು. ಗಿರಣಿ ಕೆಲಸದವರು ಒಂದೇ ಕೋಣೆಯ ಮನೆಗಳಲ್ಲಿ ಆರೇಳು ಜನ ಒಟ್ಟಿಗೆ ಮಲಗುತ್ತಿದ್ದರು. ಹಾಲ್ಡೇನ್ ತಂಡ ನಡುರಾತ್ರಿ ಕಳೆದ ಮೇಲೆ, ಮುಂಚಿತವಾಗಿ ಹೇಳದೆ, ಈ ಮನೆಗಳ ಬಾಗಿಲು ತಟ್ಟಿ ಬಾಟಲಿಗಳಲ್ಲಿ ಗಾಳಿ ತುಂಬಿಕೊಂಡು ಬರುತ್ತಿತ್ತು. ಹಗಲು ಹೋದರೆ ಜನ ಕಿಟಕಿ ತೆರೆದಿರುತ್ತಾರೆ, ಅಳತೆ ಸರಿಬರುವುದಿಲ್ಲ ಎನ್ನುವುದು ಅದರ ಲೆಕ್ಕ. ಆ ಹೊತ್ತಿನಲ್ಲಿ ಬಂದ ಅಪರಿಚಿತರನ್ನು ಒಳಗೆ ಬಿಟ್ಟುಕೊಂಡ ಆ ಮನೆಯವರ ತಾಳ್ಮೆಯನ್ನೂ ಮೆಚ್ಚಬೇಕು.

ಆಗ ಊರಿಗೆ ಊರೇ ನಂಬಿದ್ದ ಒಂದು ಸಂಗತಿಯನ್ನೂ ಅವರು ಪರೀಕ್ಷೆಗೆ ಒಡ್ಡಿದರು. ಚರಂಡಿಯ ಗಾಳಿ ಕುಡಿದರೆ ಟೈಫಾಯ್ಡ್‌ನಂಥ ರೋಗಗಳು ಬರುತ್ತವೆ ಎಂಬುದು ಅಂದಿನ ವಿದ್ಯಾವಂತರ ನಂಬಿಕೆಯೂ ಆಗಿತ್ತು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಕೆಳಗಿನ ಒಳಚರಂಡಿಗೇ ಇಳಿದು ಹಾಲ್ಡೇನ್ ಗಾಳಿ ಹಿಡಿದು ತಂದರು. ನಾತ ಹೊಡೆಯುವ ಆ ಗಾಳಿಯಲ್ಲಿ ಸೂಕ್ಷ್ಮಜೀವಿಗಳ ಸಂಖ್ಯೆ ಎಲ್ಲರೂ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇತ್ತು. ನಾತಕ್ಕೂ ಅಪಾಯಕ್ಕೂ ನೇರ ಸಂಬಂಧವಿಲ್ಲ ಎಂದಾಯಿತು. ಇದರ ಇನ್ನೊಂದು ಮುಖ ಹತ್ತು ವರ್ಷಗಳ ನಂತರ ಗಣಿಯಲ್ಲಿ ಅವರಿಗೆ ಎದುರಾಗಲಿತ್ತು: ನಾತವೇ ಇಲ್ಲದ ಗಾಳಿ ಕೊಲ್ಲಬಹುದು.

ಇಲ್ಲಿ ಒಂದು ಸಣ್ಣ ಲೆಕ್ಕ. ಇಂದು ಬಯಲಿನ ಗಾಳಿಯಲ್ಲಿ ಸಾರಜನಕ ನೂರಕ್ಕೆ 78 ಪಾಲು, ಆಮ್ಲಜನಕ 21 ಪಾಲು, ಆರ್ಗಾನ್ ಒಂದಕ್ಕೆ ಸ್ವಲ್ಪ ಕಡಿಮೆ. ಕಾರ್ಬನ್ ಡೈಆಕ್ಸೈಡ್ ಬರೀ 0.04 ಚಿಲ್ಲರೆ. ಹಾಲ್ಡೇನ್ ಕಾಲದಲ್ಲಿ ಅದು 0.03ರ ಆಸುಪಾಸಿನಲ್ಲಿತ್ತು. ನಾವು ಹೊರಬಿಡುವ ಉಸಿರಿನಲ್ಲಿ ಮಾತ್ರ ಅದು ನೂರಕ್ಕೆ ಸುಮಾರು 4 ಪಾಲು ಇರುತ್ತದೆ. ಮಲಗಿರುವ ಒಬ್ಬ ಮನುಷ್ಯ ಗಂಟೆಗೆ ಸುಮಾರು 10ರಿಂದ 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತಾನೆ. ಅದರ ಮುಂದೆ ಹಾಸಿಗೆ ಪಕ್ಕದ ಹೂಕುಂಡದ ಗಿಡ ಬಿಡುವುದು ಲೆಕ್ಕಕ್ಕೇ ಬಾರದಷ್ಟು. ಮಲಗುವ ಕೋಣೆಯಲ್ಲಿ ಗಿಡ ಇಟ್ಟರೆ ರಾತ್ರಿ ಪ್ರಾಣ ಹೋಗುತ್ತದೆ ಎಂಬ ಫಾರ್ವರ್ಡ್ ಬಂದರೆ, ಪಕ್ಕದಲ್ಲಿ ಮಲಗಿರುವವರು ಆ ಗಿಡಕ್ಕಿಂತ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ ಎಂದು ಉತ್ತರ ಬರೆಯಬಹುದು.

ಮರದ ಪೆಟ್ಟಿಗೆಯೊಳಗೆ

1887ರಲ್ಲಿ ಹಾಲ್ಡೇನ್ ಆಕ್ಸ್‌ಫರ್ಡ್‌ಗೆ ಬಂದರು. ಸೋದರಮಾವ ಜಾನ್ ಬರ್ಡನ್ ಸ್ಯಾಂಡರ್ಸನ್ ಅಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರೊಫೆಸರ್. ಆ ದಿನಗಳಲ್ಲಿ ಪ್ಯಾರಿಸ್‌ನಿಂದ ಒಂದು ಸುದ್ದಿ ಬಂದಿತ್ತು. ಬ್ರೌನ್ ಸೆಕಾರ್ ಮತ್ತು ದಾರ್ಸನ್ವಾಲ್ ಎಂಬ ಇಬ್ಬರು ಹೆಸರಾಂತ ವಿಜ್ಞಾನಿಗಳು, ಮನುಷ್ಯರು ಹೊರಬಿಡುವ ಉಸಿರಿನಲ್ಲಿ ಒಂದು ಗುಪ್ತ ವಿಷವಿದೆ, ಜನ ಕಿಕ್ಕಿರಿದ ಕೋಣೆಯಲ್ಲಿ ತಲೆನೋವು ಬರುವುದು ಅದರಿಂದಲೇ ಎಂದು ಸಾರಿದ್ದರು. ಉಸಿರಿನ ಹನಿಗಳನ್ನು ಮೊಲಗಳಿಗೆ ಚುಚ್ಚಿ ಅವು ಸಾಯುವುದನ್ನು ತೋರಿಸಿದ್ದರು.

ಹಾಲ್ಡೇನ್‌ಗೆ ಇದು ಸರಿ ಕಾಣಲಿಲ್ಲ. ಗೆಳೆಯ ಲೊರೇನ್ ಸ್ಮಿತ್ ಜೊತೆ ಸೇರಿ ಗಾಳಿಯಾಡದ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಒಬ್ಬ ಮನುಷ್ಯ ಕೂರಬಹುದಾದಷ್ಟೇ ಜಾಗ. ಅದರೊಳಗೆ ತಾವೇ ಕೂತು ಬಾಗಿಲು ಮುಚ್ಚಿಸಿಕೊಂಡು, ತಾವು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾ ಗಂಟೆಗಟ್ಟಲೆ ಕಾದರು. ಒಳಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ ಮೂರು ಪಾಲು ದಾಟಿದಾಗ ಉಸಿರು ಆಳವಾಯಿತು. ಐದು, ಆರು ಪಾಲು ಮುಟ್ಟುವ ಹೊತ್ತಿಗೆ ಓಟದ ಪಂದ್ಯ ಮುಗಿಸಿ ಬಂದವರಂತೆ ಏದುಸಿರು, ತಲೆ ಸಿಡಿತ.

ಆಮೇಲೆ ಅದೇ ಪ್ರಯೋಗವನ್ನು ಸಣ್ಣ ಬದಲಾವಣೆಯೊಂದಿಗೆ ಮಾಡಿದರು. ಕಾರ್ಬನ್ ಡೈಆಕ್ಸೈಡ್ ಹೀರುವ ಪದಾರ್ಥವೊಂದನ್ನು ಪೆಟ್ಟಿಗೆಯೊಳಗೆ ಇಟ್ಟರು. ಈಗ ಒಳಗೆ ಆಮ್ಲಜನಕ ಮೊದಲಿನಂತೆಯೇ ಕಡಿಮೆಯಾಗುತ್ತಾ ಹೋಯಿತು, ಆ ಗುಪ್ತ ವಿಷವಿದ್ದರೆ ಅದೂ ಸೇರುತ್ತಾ ಹೋಗಬೇಕಿತ್ತು. ಆದರೆ ಏದುಸಿರು ಬರಲೇ ಇಲ್ಲ. ಒಳಗಿದ್ದವರಿಗೆ ಹಾಯಾಗಿಯೇ ಇತ್ತು. ಹಾಗಾದರೆ ಉಸಿರಿನಲ್ಲಿ ಗುಪ್ತ ವಿಷ ಇಲ್ಲ, ಉಸಿರನ್ನು ಅವಸರ ಮಾಡುವುದು ಕಾರ್ಬನ್ ಡೈಆಕ್ಸೈಡ್.

ಈ ಪ್ರಯೋಗದ ಎರಡನೇ ಭಾಗವನ್ನು ನಿಧಾನವಾಗಿ ಇನ್ನೊಮ್ಮೆ ಯೋಚಿಸಿ. ಆಮ್ಲಜನಕ ಇಳಿಯುತ್ತಿದೆ, ಒಳಗಿರುವವನಿಗೆ ಹಾಯಾಗಿದೆ. ಬಾವಿಯ ಸಾವುಗಳ ಗುಟ್ಟೆಲ್ಲ ಈ ಒಂದು ಸಾಲಿನಲ್ಲಿದೆ.

ಕೊರೊನಾ ಕಾಲದಲ್ಲಿ ಹರಿದಾಡಿದ ಮಾಸ್ಕ್ ಫಾರ್ವರ್ಡ್‌ಗಳಿಗೂ ಇಲ್ಲೇ ಉತ್ತರವಿದೆ. ಮಾಸ್ಕ್ ಹಾಕಿದರೆ ನಮ್ಮದೇ ಕಾರ್ಬನ್ ಡೈಆಕ್ಸೈಡ್ ನಮಗೆ ಗೊತ್ತಿಲ್ಲದಂತೆ ವಿಷವಾಗಿ ಸೇರುತ್ತದೆ ಎಂದು ಅವು ಹೆದರಿಸುತ್ತಿದ್ದವು. ಬಟ್ಟೆಯ ನೂಲುಗಳ ನಡುವಿನ ಸಂದಿಗೆ ಹೋಲಿಸಿದರೆ ಆ ಅನಿಲದ ಅಣು ತೀರಾ ಚಿಕ್ಕದು, ಸಲೀಸಾಗಿ ಆಚೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಗೊತ್ತಾಗದೇ ಇರುವುದಿಲ್ಲ. ಗಾಳಿಯಲ್ಲಿರುವ ಎಲ್ಲದರಲ್ಲಿ ನಮ್ಮ ದೇಹ ಗಲಾಟೆ ಮಾಡುವುದು ಅದಕ್ಕೊಂದಕ್ಕೆ.

ಬೆಂಕಿಯಲ್ಲ, ಸ್ಫೋಟವಲ್ಲ

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಇಂಥ ಸುದ್ದಿ ಬಂದರೆ ಬೆಂಕಿಯಲ್ಲಿ ಬೆಂದರು, ಇಲ್ಲವೇ ಸ್ಫೋಟದ ಹೊಡೆತಕ್ಕೆ ಸತ್ತರು ಎಂದು ಎಲ್ಲರೂ ತಿಳಿಯುತ್ತಿದ್ದ ಕಾಲ ಅದು. ಸರ್ಕಾರಕ್ಕಾಗಿ ತನಿಖೆಗೆ ಬಂದ ಹಾಲ್ಡೇನ್ ಶವಗಳನ್ನು ಒಂದೊಂದಾಗಿ ನೋಡಿದರು. ಬಹುಪಾಲು ಜನರ ಮೈಮೇಲೆ ಸಾಯುವಂಥ ಸುಟ್ಟ ಗಾಯವೇ ಇರಲಿಲ್ಲ. ಚರ್ಮ ಬದುಕಿರುವವರಿಗಿಂತ ಕೆಂಪಾಗಿ, ಗುಲಾಬಿ ಬಣ್ಣಕ್ಕೆ ತಿರುಗಿತ್ತು.

ಆ ಬಣ್ಣ ಯಾವುದರದೆಂದು ಅವರಿಗೆ ಗೊತ್ತಿತ್ತು. ಏಕೆಂದರೆ ಹಿಂದಿನ ವರ್ಷವಷ್ಟೇ ಅದನ್ನು ತಮ್ಮ ರಕ್ತದಲ್ಲಿಯೇ ನೋಡಿದ್ದರು. ಕಾರ್ಬನ್ ಮೊನಾಕ್ಸೈಡ್.

ಹೆಸರು ಅಣ್ಣತಮ್ಮಂದಿರಂತಿದ್ದರೂ ಕಾರ್ಬನ್ ಡೈಆಕ್ಸೈಡ್ ಬೇರೆ, ಮೊನಾಕ್ಸೈಡ್ ಬೇರೆ. ನಮಗೆ ಬರುವ ಮೆಸೇಜ್‌ಗಳಲ್ಲಿ ಅರ್ಧದಷ್ಟು ಗೊಂದಲ ಈ ಎರಡು ಹೆಸರು ಅದಲುಬದಲಾಗುವುದರಿಂದಲೇ ಹುಟ್ಟುತ್ತದೆ. ಇದ್ದಿಲು, ಸೌದೆ, ಅಡುಗೆ ಗ್ಯಾಸ್, ಡೀಸೆಲ್ ಏನೇ ಇರಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುವುದು ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಮೂಗು ಗಂಟಲು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳೆಲ್ಲ ಒಬ್ಬೊಬ್ಬರಾಗಿ ಹತ್ತಿದ ಬೇರೆಯವರಿಂದ ತುಂಬಿಹೋದಂತೆ. ಬಸ್ಸು ಓಡುತ್ತಲೇ ಇರುತ್ತದೆ, ಹತ್ತಬೇಕಾದವರಿಗೆ ಜಾಗವಿಲ್ಲ.

1895ರಲ್ಲಿ ಹಾಲ್ಡೇನ್ ಅಳೆದ ಪ್ರಮಾಣದ ಮೊನಾಕ್ಸೈಡನ್ನು ತಾವೇ ಎಳೆದುಕೊಂಡು, ನಡುನಡುವೆ ಬೆರಳು ಚುಚ್ಚಿ ರಕ್ತದ ಬಣ್ಣ ಹೋಲಿಸುತ್ತಾ, ಆಗುತ್ತಿರುವುದನ್ನು ಬರೆದುಕೊಂಡರು. ಸಾವಿರಕ್ಕೆ ಸುಮಾರು ಎರಡು ಪಾಲು ಮೊನಾಕ್ಸೈಡ್ ಇದ್ದ ಗಾಳಿಯಲ್ಲಿ ಒಂದು ಗಂಟೆ ಕಳೆದಾಗ ಅವರ ಹಿಮೋಗ್ಲೋಬಿನ್‌ನ ಹೆಚ್ಚುಕಡಿಮೆ ಅರ್ಧ ಆ ಅನಿಲದ ವಶವಾಗಿತ್ತು. ಕೂತಿದ್ದಾಗ ದೊಡ್ಡ ತೊಂದರೆಯೇನೂ ಕಾಣಲಿಲ್ಲ. ಎದ್ದು ನಿಂತಾಗ ಕಾಲುಗಳಲ್ಲಿ ಬಲವಿರಲಿಲ್ಲ, ಕಣ್ಣು ಮಂಜಾಗಿತ್ತು, ಬುದ್ಧಿ ಮಂಕಾಗಿತ್ತು. ಕಾರ್ಬನ್ ಡೈಆಕ್ಸೈಡ್ ಪೆಟ್ಟಿಗೆಯಲ್ಲಿ ಬಂದಿದ್ದ ಆ ಏದುಸಿರು, ಹೊರಗೆ ಓಡು ಎಂದು ಮೈಯೆಲ್ಲ ಕೂಗುವ ಆ ಅವಸರ, ಇಲ್ಲಿ ಇರಲೇ ಇಲ್ಲ.

ಗ್ಯಾಸ್ ಗೀಸರ್ ಸಾವುಗಳಲ್ಲಿ ಆಗುವುದು ಇದೇ. ಆಮ್ಲಜನಕ ಖಾಲಿಯಾಗಿ ಸತ್ತರು ಎಂದು ಸುದ್ದಿಗಳಲ್ಲಿ ಆಗಾಗ ಓದುತ್ತೇವೆ. ಎಷ್ಟೋ ಸಲ ಕೋಣೆಯಲ್ಲಿ ಆಮ್ಲಜನಕ ಸಾಕಷ್ಟಿರುತ್ತದೆ, ರಕ್ತಕ್ಕೆ ಅದನ್ನು ಹೊರುವ ಶಕ್ತಿ ಇರುವುದಿಲ್ಲ. ಸ್ನಾನಕ್ಕೆ ಹೋದವರಿಗೆ ಸ್ವಲ್ಪ ತಲೆಸುತ್ತು, ವಾಕರಿಕೆ ಆಗುತ್ತದೆ, ಬಿಸಿನೀರಿನಿಂದ ಇರಬೇಕು ಎಂದುಕೊಳ್ಳುತ್ತಾರೆ. ಬಾಗಿಲ ಚಿಲಕ ತೆಗೆಯಬೇಕು ಎಂದು ಹೊಳೆಯುವ ಹೊತ್ತಿಗೆ ಕಾಲು ನಿಲ್ಲುವುದಿಲ್ಲ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರಲ್ಲ, ಸೋರಿದರೆ ಗೊತ್ತಾಗುತ್ತದೆ ಎನ್ನುವುದು ಸರಿ. ಆದರೆ ಆ ವಾಸನೆ ಉರಿಯದ ಗ್ಯಾಸಿನದು. ಅರೆಬರೆ ಉರಿದು ಹುಟ್ಟಿದ ಮೊನಾಕ್ಸೈಡಿಗೆ ಅದು ಇರುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತದೆ. ಸಾಮಾನ್ಯ ಆಕ್ಸಿಮೀಟರ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕದ್ದೆಂದೇ ಎಣಿಸಿ 97, 98 ಎಂದು ತೋರಿಸಬಹುದು. ಗೀಸರ್ ಬಚ್ಚಲಿನ ಹೊರಗಿರಬೇಕು, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಬೇಕು. ಚಳಿಗಾಲದಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಮುಚ್ಚಿಕೊಳ್ಳುವುದೂ ಇಷ್ಟೇ ಅಪಾಯ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವ ಮನೆಗಳವರು ಇದನ್ನು ಓದಲಿ.

ಹಾಲ್ಡೇನ್ ತಮ್ಮ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಗಮನಿಸಿದ್ದರು. ಅದೇ ಗಾಳಿಯಲ್ಲಿ ಇಟ್ಟ ಇಲಿ ಅವರಿಗಿಂತ ಎಷ್ಟೋ ಮೊದಲೇ ಕುಸಿದು ಬೀಳುತ್ತಿತ್ತು. ಪುಟ್ಟ ಪ್ರಾಣಿಗಳ ಉಸಿರಾಟ, ರಕ್ತದ ಓಟ ಎರಡೂ ವೇಗ, ಹಾಗಾಗಿ ವಿಷವೂ ಬೇಗ ಏರುತ್ತದೆ. ಮನುಷ್ಯನ ದೇಹ ಕೂಗದಿದ್ದರೆ ಮನುಷ್ಯನ ಬದಲು ಕೂಗುವ ಜೀವಿಯೊಂದು ಜೊತೆಗಿರಲಿ ಎಂದು ಅವರು ಸಲಹೆ ಮಾಡಿದರು. ಇಲಿಯೂ ಆದೀತು, ಹಕ್ಕಿಯೂ ಆದೀತು. ಕೊನೆಗೆ ಗಣಿಗಳಲ್ಲಿ ನೆಲೆಯಾದದ್ದು ಕೆನರಿ ಹಕ್ಕಿ. ಕೊಂಬೆಯಿಂದ ಹಕ್ಕಿ ಬಿದ್ದರೆ ಎಲ್ಲರ ಕಣ್ಣಿಗೂ ಕಾಣುತ್ತದೆ, ಇಲಿ ಮುದುಡಿಕೊಂಡರೆ ಮಲಗಿದೆಯೋ ಬಿದ್ದಿದೆಯೋ ತಿಳಿಯುವುದಿಲ್ಲ.

ದೀಪ ಆರದಿದ್ದರೆ ಇಳಿಯಬಹುದೇ?

ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿ ನೋಡುವುದು ನಮ್ಮ ಹಳ್ಳಿಗಳಲ್ಲೂ ಇರುವ ರೂಢಿ. ಬ್ರಿಟನ್ನಿನ ಗಣಿಯವರೂ ಅದನ್ನೇ ಮಾಡುತ್ತಿದ್ದರು. ದೀಪವನ್ನು ಆರಿಸಿ ಮನುಷ್ಯರನ್ನು ಉರುಳಿಸುವ ಗಾಳಿಗೆ ಅವರು ಬ್ಲ್ಯಾಕ್‌ಡ್ಯಾಂಪ್ ಎನ್ನುತ್ತಿದ್ದರು. ಅದು ಬರೀ ಕಾರ್ಬನ್ ಡೈಆಕ್ಸೈಡ್ ಎಂದು ಪುಸ್ತಕಗಳಲ್ಲೂ ಬರೆದಿತ್ತು. ಹಾಲ್ಡೇನ್ ಅದನ್ನು ಹಿಡಿದು ತಂದು ಬಿಡಿಸಿ ನೋಡಿದಾಗ ಹೆಚ್ಚಿನ ಪಾಲು ಸಾರಜನಕವೇ ಇತ್ತು. ಕಲ್ಲಿದ್ದಲು ಮತ್ತು ಕಲ್ಲಿನಲ್ಲಿರುವ ಖನಿಜಗಳು ನಿಧಾನವಾಗಿ ಆಮ್ಲಜನಕವನ್ನು ಹೀರಿಕೊಂಡು, ಉಳಿದ ಗಾಳಿ ಹಾಗೇ ನಿಂತಿರುತ್ತಿತ್ತು.

ಅಂದರೆ ಅಲ್ಲಿ ಸಾವು ಬರುತ್ತಿದ್ದದ್ದು ವಿಷದಿಂದಲ್ಲ, ಆಮ್ಲಜನಕದ ಕೊರತೆಯಿಂದ. ಕಾರ್ಬನ್ ಡೈಆಕ್ಸೈಡ್ ಕಡಿಮೆ ಇದ್ದಷ್ಟೂ ದೇಹದ ಎಚ್ಚರಿಕೆ ತಡವಾಗುತ್ತದೆ. ಬಹಳ ಕಾಲ ಮುಚ್ಚಿದ್ದ ಬಾವಿ, ಕಾಳು ತುಂಬಿದ ಹಗೇವು, ಸಗಣಿ ಗ್ಯಾಸಿನ ಗುಂಡಿ, ಮ್ಯಾನ್‌ಹೋಲ್ ಎಲ್ಲದರಲ್ಲೂ ಇಂಥದೇ ಅಪಾಯ ಇದೆ. ಯಾವುದರಲ್ಲಿ ಯಾವ ಅನಿಲ ಎಷ್ಟಿದೆ ಎಂಬುದಷ್ಟೇ ಬೇರೆ.

ಲಾಟೀನಿನ ವಿಷಯಕ್ಕೆ ಬಂದರೆ ಅರ್ಧ ಸತ್ಯ. ಆಮ್ಲಜನಕ ನೂರಕ್ಕೆ 16, 17 ಪಾಲಿಗೆ ಇಳಿದರೆ ದೀಪ ಆರುತ್ತದೆ, ಆ ಮಟ್ಟದಲ್ಲಿ ಮನುಷ್ಯನಿಗೆ ಇನ್ನೂ ಎಚ್ಚರವಿರುತ್ತದೆ. ಹಾಗಾಗಿ ದೀಪ ಆರಿದರೆ ಆ ಎಚ್ಚರಿಕೆಯನ್ನು ಕಣ್ಣುಮುಚ್ಚಿ ನಂಬಿ. ಆರದಿದ್ದರೆ ಮಾತ್ರ ಅದರಿಂದ ಏನೂ ಸಾಬೀತಾಗುವುದಿಲ್ಲ. ಸಾವಿರಕ್ಕೆ ಎರಡು ಪಾಲು ಮೊನಾಕ್ಸೈಡ್ ಇದ್ದರೂ ದೀಪ ನೆಮ್ಮದಿಯಾಗಿ ಉರಿಯುತ್ತದೆ. ಚರಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಸಾವಿರಕ್ಕೆ ಒಂದು ಪಾಲು ಇದ್ದರೆ ನಿಂತಲ್ಲೇ ಬೀಳಿಸುತ್ತದೆ, ದೀಪಕ್ಕೆ ಅದರ ಪರಿವೆಯೇ ಇಲ್ಲ. ಅದರ ಕೊಳೆತ ಮೊಟ್ಟೆಯ ವಾಸನೆಯನ್ನೂ ನೆಚ್ಚುವಂತಿಲ್ಲ, ಪ್ರಮಾಣ ಹೆಚ್ಚಾದರೆ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ಇನ್ನು ಮೀಥೇನ್ ಇದ್ದ ಕಡೆ ದೀಪ ಇಳಿಸಿದರೆ ಸ್ಫೋಟ. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದು, ಅವನನ್ನು ಎತ್ತಲು ಮೂರನೆಯವ ಇಳಿಯುವ ಸುದ್ದಿಗಳನ್ನು ನೀವೂ ಓದಿದ್ದೀರಿ. ಒಳಚರಂಡಿ, ಶೌಚಗುಂಡಿಗಳಿಗೆ ರಕ್ಷಣೆಯಿಲ್ಲದೆ ಜನರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಬಂದ ಮೇಲೂ ಸಾವು ನಿಂತಿಲ್ಲ.

ಮೀಥೇನ್ ಪಾಠವನ್ನು ಹಾಲ್ಡೇನ್ ಮಗನಿಗೆ ಕಲಿಸಿದ ರೀತಿ ಇಂದು ಯಾವ ಅಪ್ಪ ಮಾಡಿದರೂ ಸುದ್ದಿಯಾದೀತು. ಬಾಲಕ ಜ್ಯಾಕ್‌ನನ್ನು ಗಣಿಯೊಂದಕ್ಕೆ ಕರೆದೊಯ್ದು, ಮೇಲ್ಭಾಗದಲ್ಲಿ ಮೀಥೇನ್ ತುಂಬಿದ್ದ ಜಾಗದಲ್ಲಿ ಎದ್ದು ನಿಲ್ಲಿಸಿ, ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಆಂಟನಿ ಮಾಡುವ ಭಾಷಣವನ್ನು ಗಟ್ಟಿಯಾಗಿ ಹೇಳು ಎಂದರು. ಹುಡುಗ ಶುರುಮಾಡಿದ. ಭಾಷಣ ಇನ್ನೂ ಮೊದಲ ಭಾಗದಲ್ಲಿರುವಾಗಲೇ ಏದುಸಿರು ಬಂತು, ಅದರ ಬೆನ್ನಿಗೇ ಕಾಲು ಕುಸಿದು ನೆಲಕ್ಕೆ ಬಿದ್ದ. ಮೀಥೇನ್ ಗಾಳಿಗಿಂತ ಹಗುರ, ಮೇಲೆ ನಿಲ್ಲುತ್ತದೆ. ಕೆಳಗಿನ ಗಾಳಿ ಚೆನ್ನಾಗಿತ್ತು, ಬಿದ್ದವನು ಅಲ್ಲೇ ಚೇತರಿಸಿಕೊಂಡ. ಏದುಸಿರಿಗೂ ಬೀಳುವುದಕ್ಕೂ ನಡುವೆ ಓಡಿಹೋಗುವಷ್ಟು ಹೊತ್ತು ಇರಲಿಲ್ಲ ಎನ್ನುವುದು ಗಮನಿಸಬೇಕಾದದ್ದು.

ಉಸಿರಿನ ಲಗಾಮು

ಪೆಟ್ಟಿಗೆಯಲ್ಲಿ ಕಂಡದ್ದಕ್ಕೆ ಪಕ್ಕಾ ಲೆಕ್ಕ ಸಿಕ್ಕಿದ್ದು 1905ರಲ್ಲಿ. ಜೊತೆಗಿದ್ದವರು ಜಾನ್ ಗಿಲ್ಲೀಸ್ ಪ್ರೀಸ್ಟ್ಲಿ. ಶಾಲೆಯ ಪುಸ್ತಕದಲ್ಲಿ ಆಮ್ಲಜನಕ ಕಂಡುಹಿಡಿದ ಪ್ರೀಸ್ಟ್ಲಿ ಇವರಲ್ಲ, ಅವರು ನೂರು ವರ್ಷ ಹಿಂದಿನವರು. ಇವರು ಉದ್ದನೆಯ ರಬ್ಬರ್ ಕೊಳವೆಯೊಂದಕ್ಕೆ ಜೋರಾಗಿ ಉಸಿರು ಊದಿ, ಕಟ್ಟಕಡೆಗೆ ಬರುವ ಗಾಳಿಯನ್ನು ಮಾತ್ರ ಹಿಡಿದರು. ಅದು ಶ್ವಾಸಕೋಶದ ತಳದ ಗಾಳಿಚೀಲಗಳದು, ರಕ್ತದೊಂದಿಗೆ ನೇರ ವ್ಯವಹಾರ ಮಾಡುವ ಗಾಳಿ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಪ್ರಮಾಣ ಒಬ್ಬೊಬ್ಬರಲ್ಲಿ ಅಚ್ಚರಿಯಾಗುವಷ್ಟು ಸ್ಥಿರವಾಗಿತ್ತು. ಬೆನ್ ನೆವಿಸ್ ಬೆಟ್ಟದ ತುದಿಯಲ್ಲೂ, ಕಾರ್ನ್‌ವಾಲ್‌ನ ಡಾಲ್ಕೋತ್ ಗಣಿಯ ತಳದಲ್ಲೂ ಅಳೆದರು. ಗಾಳಿಯ ಒತ್ತಡ ಬದಲಾದರೂ ಗಾಳಿಚೀಲದಲ್ಲಿ ಆ ಅನಿಲದ ಒತ್ತಡ ಕದಲಲಿಲ್ಲ. ಅದು ನೂರಕ್ಕೆ 0.2ರಷ್ಟು ಏರಿದರೂ ಸಾಕು, ಉಸಿರಾಟ ಇಮ್ಮಡಿಯಾಗುತ್ತಿತ್ತು.

ಅಂದರೆ ನಾವು ಉಸಿರಾಡುವುದು ಬಹುಮಟ್ಟಿಗೆ ಆಮ್ಲಜನಕದ ಹಸಿವಿನಿಂದಲ್ಲ, ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುವ ಅವಸರದಿಂದ. ಈಗಲೇ ಉಸಿರು ಹಿಡಿದು ನೋಡಿ. ಅರ್ಧ ನಿಮಿಷದಲ್ಲಿ ಎದೆ ಚಡಪಡಿಸುತ್ತದೆ. ಆರೋಗ್ಯವಂತರಲ್ಲಿ ಆ ಹೊತ್ತಿಗೆ ರಕ್ತದ ಆಮ್ಲಜನಕ ಹೆಚ್ಚೇನೂ ಇಳಿದಿರುವುದಿಲ್ಲ. ಚಡಪಡಿಕೆ ಕಾರ್ಬನ್ ಡೈಆಕ್ಸೈಡಿನದು. ಹತ್ತು ಸೆಕೆಂಡಿನ ಆ ಪರೀಕ್ಷೆ ಕೊರೊನಾದ ಬಗ್ಗೆ ಏನನ್ನೂ ಹೇಳದಿರುವುದು ಈ ಕಾರಣಕ್ಕೆ. ಆಮ್ಲಜನಕದ ಇಳಿಕೆಯನ್ನು ಗ್ರಹಿಸುವ ಸಣ್ಣ ಅಂಗಗಳು ಕುತ್ತಿಗೆಯ ರಕ್ತನಾಳದ ಬಳಿ ಇವೆ ಎಂದು ಆಮೇಲೆ ತಿಳಿಯಿತು, ಅದಕ್ಕಾಗಿ ಬೆಲ್ಜಿಯಮ್ಮಿನ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಅವು ಜೋರಾಗಿ ಎಚ್ಚರಿಸುವುದು ಆಮ್ಲಜನಕ ಬಹಳ ಇಳಿದ ಮೇಲೆಯೇ.

ಕೊರೊನಾ ವಾರ್ಡುಗಳಲ್ಲಿ ವೈದ್ಯರನ್ನು ದಂಗುಬಡಿಸಿದ್ದ ದೃಶ್ಯ ನೆನಪಿದೆಯೇ? ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ರೋಗಿ ಆರಾಮವಾಗಿ ಫೋನಿನಲ್ಲಿ ಮಾತಾಡುತ್ತಿದ್ದ. ಅಂಥ ಹಲವರಲ್ಲಿ ಆಮ್ಲಜನಕ ಒಳಬರುವುದು ಕಷ್ಟವಾಗಿದ್ದರೂ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತಲೇ ಇತ್ತು. ಹಾಗಾಗಿ ದೇಹ ಗಲಾಟೆ ಮಾಡಲಿಲ್ಲ. ಹಾಲ್ಡೇನ್ ಪೆಟ್ಟಿಗೆಯ ಎರಡನೇ ಪ್ರಯೋಗವೇ ಆಸ್ಪತ್ರೆಯ ಮಂಚದ ಮೇಲೆ ನಡೆಯುತ್ತಿತ್ತು.

ಆಳ, ಎತ್ತರ, ಯುದ್ಧ

ಮುಂದಿನ ವರ್ಷಗಳ ಕೆಲಸ ಹೇಳುತ್ತಾ ಹೋದರೆ ಇನ್ನೊಂದು ಲೇಖನವೇ ಬೇಕು. ನೌಕಾಪಡೆಯ ಮುಳುಗುಗಾರರಿಗಾಗಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಆಳದಿಂದ ಹಂತಹಂತವಾಗಿ ಮೇಲೆ ಬರುವ ವೇಳಾಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಡೈವಿಂಗ್ ಪಟ್ಟಿಗಳ ಮೂಲ ಅದೇ. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರದಲ್ಲಿ, ಸುಮಾರು 4,300 ಮೀಟರ್ ಎತ್ತರದಲ್ಲಿ, ತಂಡ ಕಟ್ಟಿಕೊಂಡು ಐದು ವಾರ ಕಳೆದರು. ತಂಡದಲ್ಲಿದ್ದ ಮೇಬಲ್ ಫಿಟ್ಜ್‌ಜೆರಾಲ್ಡ್ ಹೆಣ್ಣುಮಗಳೆಂಬ ಕಾರಣಕ್ಕೆ ಶಿಖರದ ಮನೆಯಲ್ಲಿ ಗಂಡಸರ ಜೊತೆ ಉಳಿಯುವಂತಿರಲಿಲ್ಲ. ಅವರು ಕೊಲರಾಡೋದ ಗಣಿ ಊರುಗಳನ್ನು ಒಬ್ಬರೇ ಸುತ್ತಿ ಅಲ್ಲಿನವರ ಉಸಿರಿನ ಮಾದರಿ ತಂದರು. ಎತ್ತರದಲ್ಲಿ ಬದುಕುವವರ ಉಸಿರಾಟದ ಬಗ್ಗೆ ಆ ಅಳತೆಗಳು ಇಂದಿಗೂ ಬೆಲೆಯುಳ್ಳವು. ಆಕ್ಸ್‌ಫರ್ಡ್ ಅವರಿಗೆ ಪದವಿ ಕೊಟ್ಟದ್ದು 1972ರಲ್ಲಿ, ಅವರಿಗೆ ನೂರು ವರ್ಷವಾದಾಗ.

1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಬಿಟ್ಟಿತು. ಕೆಲವೇ ದಿನಗಳಲ್ಲಿ ಹಾಲ್ಡೇನ್ ಅಲ್ಲಿದ್ದರು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಪತ್ರಿಕೆಯ ಮೂಲಕ ಒಂದು ಕರೆ ಹೋಗಿ, ಸಾವಿರಾರು ಹೆಂಗಸರು ಹತ್ತಿಯ ಪ್ಯಾಡ್ ಹೊಲಿದು ಸೈನಿಕರಿಗೆ ಕಳಿಸತೊಡಗಿದ್ದರು. ಒಳ್ಳೆಯ ಮನಸ್ಸು, ಕೆಟ್ಟ ಮಾಹಿತಿ. ಒಣಗಿದ್ದರೆ ಆ ಪ್ಯಾಡ್ ಕ್ಲೋರಿನ್ ತಡೆಯುತ್ತಿರಲಿಲ್ಲ, ಒದ್ದೆಯಾದರೆ ಅದರ ಮೂಲಕ ಉಸಿರಾಡಲು ಆಗುತ್ತಿರಲಿಲ್ಲ. ಹಾಲ್ಡೇನ್ ಗಾಜಿನ ಕಿಟಕಿಯ ಕೋಣೆಯೊಂದರಲ್ಲಿ ಕ್ಲೋರಿನ್ ತುಂಬಿಸಿ, ಯುದ್ಧಭೂಮಿಯಿಂದ ಕರೆಸಿದ ಮಗ ಜ್ಯಾಕ್ ಮತ್ತು ಇತರರ ಜೊತೆ ತಾವೇ ಒಳಗೆ ಕೂತು ಮುಖವಾಡಗಳನ್ನು ಪರೀಕ್ಷಿಸಿದರು. ಅದೇ ತಿಂಗಳುಗಳಲ್ಲಿ ಮನೆಯಲ್ಲಿ ಬೇರೆ ಗಾಳಿ ಬೀಸುತ್ತಿತ್ತು. ಅಣ್ಣ ರಿಚರ್ಡ್ ಜರ್ಮನ್ ತತ್ವಶಾಸ್ತ್ರ ಮೆಚ್ಚಿದವರೆಂಬ ಕಾರಣಕ್ಕೆ ಪತ್ರಿಕೆಗಳು ಅವರನ್ನು ಶತ್ರುವಿನ ಕಡೆಯವರೆಂದು ಬಿಂಬಿಸಿದವು. 1915ರ ಮೇನಲ್ಲಿ ಅವರು ಮಂತ್ರಿಪದವಿ ಕಳೆದುಕೊಂಡರು. ತಮ್ಮ ಫ್ರಾನ್ಸಿನಲ್ಲಿ ಕ್ಲೋರಿನ್ ಕುಡಿಯುತ್ತಿದ್ದ ದಿನಗಳು ಅವು.

ಗ್ಯಾಸಿಗೆ ಸಿಕ್ಕ ಸೈನಿಕರ ಶ್ವಾಸಕೋಶ ನೋಡಿದ್ದರಿಂದಲೇ ಆಮ್ಲಜನಕ ಚಿಕಿತ್ಸೆಯೂ ಬದಲಾಯಿತು. ಅಲ್ಲಿಯವರೆಗೆ ಸಿಲಿಂಡರಿನ ಕೊಳವೆಗೆ ಆಲಿಕೆ ಸಿಕ್ಕಿಸಿ ರೋಗಿಯ ಮೂಗಿನ ಹತ್ತಿರ ಹಿಡಿಯುತ್ತಿದ್ದರು, ಹೆಚ್ಚಿನದೆಲ್ಲ ಕೋಣೆಗೆ ಹೋಗುತ್ತಿತ್ತು. ಅಳೆದ ಪ್ರಮಾಣದಲ್ಲಿ, ಮುಖಕ್ಕೆ ಕೂಡುವ ಮಾಸ್ಕಿನಿಂದ, ತಡೆಯಿಲ್ಲದೆ ಕೊಡುವ ಸಾಧನವನ್ನು 1917ರಲ್ಲಿ ಹಾಲ್ಡೇನ್ ವಿವರಿಸಿದರು. 2021ರಲ್ಲಿ ಸಿಲಿಂಡರಿಗಾಗಿ ನಾವು ಅಲೆದ ದಿನಗಳಲ್ಲಿ ಮಾಸ್ಕು, ರೆಗ್ಯುಲೇಟರು ಎಂದು ಹುಡುಕುತ್ತಿದ್ದುದರ ಪೂರ್ವಜ ಅದು.

ಇಷ್ಟೆಲ್ಲ ಅಳೆದ ಮನುಷ್ಯ ಒಂದು ವಿಷಯದಲ್ಲಿ ತಪ್ಪಿದರು, ಕೊನೆಯವರೆಗೂ ಬಿಡಲಿಲ್ಲ. ಕಷ್ಟದ ಸಮಯದಲ್ಲಿ ಶ್ವಾಸಕೋಶ ಗ್ರಂಥಿಯಂತೆ ಕೆಲಸ ಮಾಡಿ ಆಮ್ಲಜನಕವನ್ನು ರಕ್ತಕ್ಕೆ ತಾನೇ ದೂಡುತ್ತದೆ ಎಂದು ಅವರು ನಂಬಿದ್ದರು. ಪೈಕ್ಸ್ ಪೀಕ್‌ನ ಅಳತೆಗಳನ್ನೂ ಹಾಗೇ ಓದಿಕೊಂಡರು. ಕೋಪನ್‌ಹೇಗನ್ನಿನ ಕ್ರೋಗ್ ದಂಪತಿ, ಆಮೇಲೆ ಗಾಜಿನ ಕೋಣೆಯಲ್ಲಿ ದಿನಗಟ್ಟಲೆ ಕೂತು ಪರೀಕ್ಷಿಸಿಕೊಂಡ ಕೇಂಬ್ರಿಡ್ಜಿನ ಬಾರ್‌ಕ್ರಾಫ್ಟ್, ಆಮ್ಲಜನಕ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹರಿಯುತ್ತದೆ, ಅಷ್ಟೇ ಎಂದು ತೋರಿಸಿದರು. ಬೇರೆಯವರ ಉಸಿರಿನ ಗುಪ್ತ ವಿಷವನ್ನು ಪೆಟ್ಟಿಗೆಯಲ್ಲಿ ಕೂತು ಒರೆಸಿಹಾಕಿದವರಿಗೆ ತಮ್ಮದೇ ಊಹೆಯನ್ನು ಬಿಡಲಾಗಲಿಲ್ಲ.

1936ರಲ್ಲಿ, 75ರ ವಯಸ್ಸಿನಲ್ಲಿ, ಪರ್ಷಿಯಾ ಮತ್ತು ಇರಾಕಿನ ಎಣ್ಣೆ ಕೆಲಸಗಾರರು ಬಿಸಿಲಿನ ಹೊಡೆತಕ್ಕೆ ಸಾಯುತ್ತಿದ್ದುದನ್ನು ಅಧ್ಯಯನ ಮಾಡಿ ಮರಳಿದ ಹಾಲ್ಡೇನ್‌ಗೆ ನ್ಯುಮೋನಿಯಾ ಆಯಿತು. ಮಾರ್ಚ್‌ನಲ್ಲಿ ಆಕ್ಸ್‌ಫರ್ಡಿನ ಮನೆಯಲ್ಲಿ ತೀರಿಕೊಂಡರು. ಗಣಿಯಲ್ಲಿ ಬಿದ್ದು ಎದ್ದ ಆ ಹುಡುಗ ಜ್ಯಾಕ್ ಬೇರೆ ಯಾರೂ ಅಲ್ಲ, 1957ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅವರು ತಮ್ಮ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದರು.

ಕೆನರಿಗಳು ಬ್ರಿಟನ್ನಿನ ಗಣಿಗಳಲ್ಲಿ ಇನ್ನೂ ಐವತ್ತು ವರ್ಷ ಉಳಿದವು. ಕೆಲವು ಪಂಜರಗಳ ಮೇಲೆ ಪುಟ್ಟ ಆಮ್ಲಜನಕದ ಸಿಲಿಂಡರ್ ಇರುತ್ತಿತ್ತು. ಹಕ್ಕಿ ಬಿದ್ದ ಕೂಡಲೇ ಬಾಗಿಲು ಮುಚ್ಚಿ ತಿರುಪು ಬಿಚ್ಚಿದರೆ ಅದು ಮತ್ತೆ ಎದ್ದು ಕೂರುತ್ತಿತ್ತು. 1986ರಲ್ಲಿ ಅವುಗಳನ್ನು ನಿವೃತ್ತಿ ಮಾಡಲು ಸರ್ಕಾರ ತೀರ್ಮಾನಿಸಿತು. ಅವುಗಳ ಜಾಗಕ್ಕೆ ಕೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಮೀಟರ್‌ಗಳು ಬಂದವು.